ಗಾಳಿ ನೋಡಿ ಪಾಠ

ವೆಂಕಟರಾಯಪ್ಪ ಮೇಷ್ಟ್ರು ಮೊದಲ ದಿನದ ಪಾಠಕ್ಕೆ ಬಂದು ಬಯ್ಯಪ್ಪನ ಮನೆಯ ಜಗಲಿಯ ಮೇಲೆ ಕೂತರು. ಪಂಚೆಯ ತುದಿಯಲ್ಲಿ ಕನ್ನಡಕ ಒರೆಸಿಕೊಂಡರು. ಪುಸ್ತಕ ತೆರೆಯುವ ಮೊದಲು ಸೊಂಟದಿಂದ ಪುಟ್ಟ ಡಬ್ಬಿ ತೆಗೆದು, ಅದರ ಮುಚ್ಚಳಕ್ಕೆ ಬೆರಳಿನಿಂದ ತಟ್ಟಿ, ಒಂದು ಚಿಟಿಕೆ ನಸ್ಯ ಏರಿಸಿ, ದಪ್ಪ ಮೀಸೆ ಸವರಿಕೊಂಡರು. ಒಳಗೆ ರೇಷ್ಮೆ ಹುಳದ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದ ಬಯ್ಯಪ್ಪನ ಹೆಂಡತಿ ವೆಂಕಟರತ್ನಮ್ಮ ಮೂಗು ಅರಳಿಸಿದಳು. ಸೊಪ್ಪಿನ ಪುಟ್ಟಿ ಅಲ್ಲೇ ಬಿಟ್ಟು ಬಾಗಿಲಿಗೆ ಬಂದಳು.

"ಸಾಮಿ, ಸ್ವಲ್ಪ ಎದ್ದೇಳಿ. ಮನೇಲಿ ಹುಳ ಇದ್ದಾವೆ."

"ಇರಲಿ ಕಣಮ್ಮ, ನಾನೇನು ಅವನ್ನ ಮುಟ್ಟಲ್ಲ."

"ನೀವು ಮುಟ್ಟೋದೇನು ಬೇಡ. ಹೊಗೆಸೊಪ್ಪಿನ ಗಾಳಿ ಸೋಕಿದ್ರೆ ಸಾಕು, ತಲೆ ಎತ್ತಿ ವಾಂತಿ ಮಾಡ್ಕೊಂಡು ಸಾಯ್ತವೆ. ಹೋದ್ಸಲ ನಮ್ಮ ಭಾವ ಬೀಡಿ ಸೇದ್ಕೊಂಡು ಬಂದು ಇಲ್ಲೇ ಕೂತಿದ್ದಕ್ಕೆ ಒಂದು ಅಂಕಣದ ಹುಳ ಎತ್ತಿ ತಿಪ್ಪೆಗೆ ಹಾಕಿದ್ದೀವಿ."

ಮೇಷ್ಟ್ರು ಎದ್ದು ಅಂಗಳಕ್ಕೆ ಇಳಿದರು. ಅಂಗಳವೂ ಹತ್ತಿರವಾಯಿತು. ಬೇಲಿಯ ಹತ್ತಿರ ಹೋದರೆ ಗಾಳಿ ಅಲ್ಲಿಂದಲೇ ಮನೆಯ ಕಡೆ ಬೀಸುತ್ತಿತ್ತು. ಕೊನೆಗೆ ಹಿಪ್ಪುನೇರಳೆ ತೋಟ ದಾಟಿ, ಕಾಲುವೆಯ ಆಚೆಗಿನ ಹುಣಸೆಮರದ ಬುಡದಲ್ಲಿ ನಿಂತು, "ಇಲ್ಲಿ ಆಗಬಹುದೇನಮ್ಮ?" ಎಂದು ಕೂಗಿದರು. ಆಗಬಹುದೆಂದು ವೆಂಕಟರತ್ನಮ್ಮ ಕೈಯಾಡಿಸಿದಳು. ಅಮೇರಿಕದ ಚರಿತ್ರೆಗೆ ಜಾಗ ಸಿಕ್ಕಿದ್ದು ಹೀಗೆ.

ಆ ವರ್ಷದ ಪರೀಕ್ಷೆಯಲ್ಲಿ ಬಯ್ಯಪ್ಪನ ಮಗಳು ರಾಮಲಕ್ಷ್ಮಿ ಎಸ್ಸೆಸ್ಸೆಲ್ಸಿಯ ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ, ಐಚ್ಛಿಕ ಇತಿಹಾಸದಲ್ಲಿ ಮಾತ್ರ ನಪಾಸಾಗಿದ್ದಳು. ಆ ಪತ್ರಿಕೆಯಲ್ಲಿ ಅಮೇರಿಕದ್ದೇ ಅರ್ಧ. ಅವಳು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಪರದೇಶದ ಹೆಸರುಗಳೆಲ್ಲ ಉತ್ತರಪತ್ರಿಕೆಯಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಪಾಸಾದರೆ ಟೀಚರ್ ಟ್ರೈನಿಂಗಿಗೆ ಸೇರಬಹುದಿತ್ತು. ಇಲ್ಲವಾದರೆ ಬಯ್ಯಪ್ಪನ ಮಾತು ಮೊದಲೇ ಆಗಿತ್ತು. "ಇದೊಂದು ಸಲ ನೋಡಣ. ಆಗಲಿಲ್ಲ ಅಂದ್ರೆ ಪುಸ್ತಕ ಅಟ್ಟಕ್ಕೆ, ನೀನು ಹುಳದ ಮನೆಗೆ." ಅವನೇನೂ ಕೆಟ್ಟವನಲ್ಲ. ಹುಳದ ಮನೆಯಲ್ಲಿ ಮಗಳಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ, ಅಷ್ಟೆ. ಶಿಡ್ಲಘಟ್ಟದ ಹೈಸ್ಕೂಲಿನಿಂದ ನಿವೃತ್ತರಾಗಿ ಮನೆಯಲ್ಲಿದ್ದ ವೆಂಕಟರಾಯಪ್ಪನವರನ್ನು ಕೈಮುಗಿದು ಕರೆತಂದವನೂ ಅವನೇ.

ಅಂದಿನಿಂದ ಪಾಠ ಸೊಪ್ಪು ಕೊಯ್ಯುವ ಹೊತ್ತಿಗೇ ನಡೆಯಿತು. ಮೇಷ್ಟ್ರು ಬಂದ ಕೂಡಲೇ ಒಂದು ಚಿಟಿಕೆ ಮಣ್ಣೆತ್ತಿ ಮೇಲಿಂದ ಬಿಟ್ಟು, ಅದು ಯಾವ ಕಡೆ ಹಾರುತ್ತದೆಂದು ನೋಡುವರು. ಗಾಳಿ ಮನೆಯ ಕಡೆ ಇದ್ದರೆ ಮರದ ಆ ಪಕ್ಕಕ್ಕೆ ಹೋಗಿ ಇನ್ನಷ್ಟು ದೂರ ಕೂರುವರು. ಕಾಲುವೆಯ ಈಚೆ ರಾಮಲಕ್ಷ್ಮಿ ಸೊಪ್ಪು ಕೊಯ್ಯುತ್ತ ಕಿವಿಗೊಡುವಳು. ಮೇಷ್ಟ್ರು ಕೂಗಿ ಹೇಳಬೇಕು, ಅವಳು ಕೂಗಿ ಒಪ್ಪಿಸಬೇಕು. ಇಡೀ ತೋಟಕ್ಕೆ ಪಾಠವಾಗುತ್ತಿತ್ತು.

ಜೊತೆಗೆ ಸೊಪ್ಪು ಕೊಯ್ಯಲು ಬರುತ್ತಿದ್ದ ಗಂಗುಲಮ್ಮನಿಗೆ ಸುಮ್ಮನೆ ಕೇಳಿಸಿಕೊಳ್ಳುವ ಅಭ್ಯಾಸವಿರಲಿಲ್ಲ. ಬಾಸ್ಟನ್ ಬಂದರಿನಲ್ಲಿ ಜನ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ದಿನ ಅವಳು ಕೊಯ್ಯುವ ಕೈ ನಿಲ್ಲಿಸಿದಳು.

"ಒಳ್ಳೆ ಟೀ ಸೊಪ್ಪನ್ನ ನೀರಿಗೆ ಹಾಕಿದ್ರಾ? ಏನು ರೋಗ ಅವರಿಗೆ?"

"ರೋಗ ಅಲ್ಲ ಕಣಮ್ಮ, ಸುಂಕ. ಇಂಗ್ಲೆಂಡಿನೋರು ಇವರನ್ನ ಒಂದು ಮಾತೂ ಕೇಳದೆ ಸುಂಕ ಹಾಕಿದ್ರು. ನಮ್ಮನ್ನ ಕೇಳದೆ ಹಾಕಿದ ಸುಂಕ ನಾವು ಕೊಡಲ್ಲ ಅಂದ್ರು ಇವರು."

"ಅಂಗಾದ್ರೆ ಆಮೇಲೆ ಏನು ಕುಡಿದ್ರು?"

ಮೇಷ್ಟ್ರು ಒಂದು ಚಿಟಿಕೆ ಏರಿಸಿ ಯೋಚಿಸಿದರು. "ಕಾಫಿ ಕುಡಿದ್ರು ಅಂತಾರೆ."

"ಹಾಗೆ ಹೇಳಿ. ಸುಮ್ಮನೆ ಎಸೆಯೋರಲ್ಲ ಅವರು," ಎಂದು ಗಂಗುಲಮ್ಮ ಕೊಯ್ಲಿಗೆ ತಿರುಗಿದಳು.

ರಾಮಲಕ್ಷ್ಮಿ ನಕ್ಕಳು. ಮಾರನೆಯ ದಿನ ಮೇಷ್ಟ್ರು ಕೇಳಿದಾಗ ಟೀ, ಸುಂಕ, ಬಂದರು ಎಲ್ಲವೂ ಸಾಲಾಗಿ ನಾಲಿಗೆಗೆ ಬಂದವು. ಪುಸ್ತಕದಲ್ಲಿ ಹೆಸರುಗಳಾಗಿದ್ದವರು ತೋಟದಲ್ಲಿ ಜನರಾಗಿದ್ದರು.

ದಕ್ಷಿಣದ ಹತ್ತಿ ಹೊಲಗಳ ಪಾಠ ಬಂದಾಗ ಗಂಗುಲಮ್ಮ ನಗಲಿಲ್ಲ. ಜನರನ್ನು ಕೊಂಡು ತಂದು ದುಡಿಸಿದ್ದು, ಅದಕ್ಕಾಗಿ ಉತ್ತರದವರೂ ದಕ್ಷಿಣದವರೂ ಹೊಡೆದಾಡಿದ್ದು, ಕೊನೆಗೆ ಜೀತದಿಂದ ಬಿಡುಗಡೆಯಾದದ್ದು, ಎಲ್ಲವನ್ನೂ ಕೇಳಿ, "ಬಿಟ್ಟ ಮೇಲೆ ಅವರಿಗೆ ಒಂದು ತುಂಡು ಹೊಲಾನಾದ್ರೂ ಕೊಟ್ರಾ ಮೇಷ್ಟ್ರೇ?" ಎಂದಳು.

ಮೇಷ್ಟ್ರು ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು. "ಕೊಡ್ತೀವಿ ಅಂದಿದ್ರು. ಕೊಡಲಿಲ್ಲ ಕಣಮ್ಮ."

"ಗೊತ್ತಿತ್ತು ಬಿಡಿ," ಎಂದಳು ಗಂಗುಲಮ್ಮ.

ಹುಳಗಳು ಮೇವು ಬಿಟ್ಟು ಪೊರೆ ಕಳಚುವ ನಾಲ್ಕನೆಯ ಜ್ವರ ಕಳೆದು ಎದ್ದವು. ಆಮೇಲೆ ಅವಕ್ಕೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ತಿನ್ನುವ ಸದ್ದು ಸಣ್ಣ ಮಳೆ ಹಿಡಿದಂತೆ ಮನೆಯ ತುಂಬ. ಪರೀಕ್ಷೆ ಕಳೆದ ಮೇಲೇ ಅವು ಹಣ್ಣಾಗುವುದೆಂದು ಬಯ್ಯಪ್ಪ ಲೆಕ್ಕ ಹಾಕಿದ್ದ. ಆದರೆ ಮೋಡ ಸರಿದು ಬಿಸಿಲು ಬಲಿಯಿತು, ಹುಳ ಮುಂದಾದವು. ಪರೀಕ್ಷೆಯ ದಿನ ಬೆಳಗ್ಗೆ ವೆಂಕಟರತ್ನಮ್ಮ ತಟ್ಟೆಯ ಮೇಲಿನ ಸೊಪ್ಪು ಸರಿಸಿ ನೋಡಿದರೆ, ಹುಳಗಳು ಮೇವು ಬಿಟ್ಟು ತಲೆಯೆತ್ತಿ ಆಡಿಸುತ್ತಿದ್ದವು. ಮೈ ಹಳದಿಗಟ್ಟಿ ದ್ರಾಕ್ಷಿಯಂತೆ ತಿಳಿಯಾಗಿತ್ತು. ಹಣ್ಣಾದ ಹುಳವನ್ನು ಕೂಡಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಸುತ್ತಿ ಹಾಳು.

ಬಯ್ಯಪ್ಪ ಬೀದಿಯುದ್ದಕ್ಕೂ ಹೋಗಿ ಬಂದ. ಎಲ್ಲರೂ ಒಂದೇ ದಿನ ಒಂದೇ ಕಡೆಯಿಂದ ಮೊಟ್ಟೆ ತಂದವರು, ಎಲ್ಲರ ಮನೆಯಲ್ಲೂ ಇವತ್ತೇ ಹಣ್ಣು. ಗಂಗುಲಮ್ಮನನ್ನೂ ಆಗಲೇ ಇನ್ನೊಂದು ಮನೆಯವರು ಕರೆದುಕೊಂಡು ಹೋಗಿದ್ದರು.

ರಾಮಲಕ್ಷ್ಮಿ ತಲೆ ಬಾಚಿ, ಬುತ್ತಿ ಕಟ್ಟಿಕೊಂಡು ಹೊರಟಿದ್ದಳು. ಚಿಂತಾಮಣಿ ಕಡೆಯಿಂದ ಬರುವ ಸಣ್ಣ ರೈಲು ಹಿಡಿದು ಚಿಕ್ಕಬಳ್ಳಾಪುರಕ್ಕೆ ಹೋಗಬೇಕು, ಪರೀಕ್ಷೆ ಅಲ್ಲಿ. ಅಪ್ಪನ ಮುಖ ನೋಡಿ ಬುತ್ತಿಯನ್ನು ಗೋಡೆಯ ಗೂಡಿನಲ್ಲಿಟ್ಟಳು.

"ನಮ್ಮಿಬ್ಬರ ಕೈಲಿ ಆಗಲ್ಲ ಕಣಮ್ಮ," ಎಂದ ಬಯ್ಯಪ್ಪ ನೆಲ ನೋಡುತ್ತ. "ಒಂದು ಬೆಳೆ ಅಂದ್ರೆ ನಿಂಗೆ ಗೊತ್ತಲ್ಲ."

ಅವಳಿಗೆ ಗೊತ್ತಿತ್ತು. ಸೆರಗು ಸಿಕ್ಕಿಸಿ ತಟ್ಟೆಯ ಮುಂದೆ ಕೂತಳು.

ಸ್ಟೇಷನ್ನಿಗೆ ಕರೆದೊಯ್ಯಲು ಬಂದ ಮೇಷ್ಟ್ರು ಕಾಲುವೆಯ ಆಚೆಯಿಂದಲೇ ಕೂಗಿದರು. ಬಯ್ಯಪ್ಪ ಅಲ್ಲಿಗೆ ಹೋಗಿ ಸಂಗತಿ ಹೇಳಿದ.

"ಇನ್ನೊಂದು ಜೊತೆ ಕೈ ಇದ್ದರೆ ಅವಳನ್ನ ಕಳಿಸ್ತೀಯೇನಯ್ಯಾ?"

"ಇದ್ದರೆ ಯಾಕೆ ಕಳಿಸಲ್ಲ ಸಾಮಿ? ಕೈ ಎಲ್ಲಿಂದ ತರಲಿ?"

ಮೇಷ್ಟ್ರು ಗಿರಕ್ಕನೆ ತಿರುಗಿ ಬಂದ ದಾರಿಯಲ್ಲೇ ಹೊರಟುಹೋದರು. ಬಾಗಿಲಿಂದ ನೋಡುತ್ತಿದ್ದ ರಾಮಲಕ್ಷ್ಮಿ, ಸಿಟ್ಟಾಗಿ ಹೋದರು ಎಂದುಕೊಂಡಳು. ಹುಳ ಆರಿಸುತ್ತ ಅವಳ ಕಣ್ಣು ಮಂಜಾಯಿತು. ಮೂಗು ಒರೆಸಲು ಕೈ ಬಿಡುವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಯಾರೋ ನಿಂತರು. ಒಗೆದ ಪಂಚೆ, ನೀರಿಳಿಯುವ ತಲೆ. ಮೂಗಿನ ಕೆಳಗೆ ಬೋಳು. ಹೈಸ್ಕೂಲಿನ ಹುಡುಗರೆಲ್ಲ ಹೆದರುತ್ತಿದ್ದ ಆ ದಪ್ಪ ಮೀಸೆ ಇರಲಿಲ್ಲ.

ತಂದೆತಾಯಿ ಹೋದಾಗ ಬಿಟ್ಟರೆ ಆ ಸೀಮೆಯಲ್ಲಿ ಯಾರೂ ಮೀಸೆ ತೆಗೆಸುವವರಲ್ಲ. ಬಯ್ಯಪ್ಪ ತಲೆಯ ಟವೆಲ್ಲು ತೆಗೆದು ಕೈಗೆ ತಂದುಕೊಂಡ. "ಯಾರು ಹೋದ್ರು ಸಾಮಿ?"

"ನಸ್ಯ ಹೋಯ್ತು," ಎಂದರು ಮೇಷ್ಟ್ರು. "ಕೈ ತೊಳೀಬಹುದು, ಪಂಚೆ ಬದಲಾಯಿಸಬಹುದು, ಮೀಸೇಲಿ ಸೇರ್ಕೊಂಡಿರೋ ವಾಸನೆ ಹೋಗಲ್ಲ ಕಣಯ್ಯಾ. ಕ್ಷೌರದ ಮುನಿಗಂಗಪ್ಪನ ಹತ್ರ ತೆಗೆಸಿ, ಸೀಗೆಕಾಯಿ ಹಾಕಿ ಮಿಂದು ಬಂದಿದ್ದೀನಿ. ಡಬ್ಬಿ ಹುಣಸೆಮರದ ಪೊಟರೇಲಿ ಇದೆ."

ವೆಂಕಟರತ್ನಮ್ಮ ಹತ್ತಿರ ಬಂದಳು. "ಕೈ ಚಾಚಿ." ಮೇಷ್ಟ್ರು ತಪ್ಪು ಮಾಡಿದ ಹುಡುಗನಂತೆ ಎರಡೂ ಅಂಗೈ ಚಾಚಿದರು. ಅವಳು ಬಗ್ಗಿ ಮೂಸಿದಳು. ತಿರುಗಿಸಿ ಬೆರಳ ಸಂದಿ ಮೂಸಿದಳು. ದೂರದಲ್ಲಿ ಎಲ್ಲೋ ರೈಲು ಕೂಗಿತು.

"ಒಳಗೆ ಬನ್ನಿ," ಎಂದಳು. ಆಮೇಲೆ ಮಗಳಿಗೆ, "ಇನ್ನೂ ಯಾಕೆ ನೋಡ್ತಾ ನಿಂತಿದ್ದೀಯೆ? ಓಡು."

ರಾಮಲಕ್ಷ್ಮಿ ಓಡಿದಳು. ಆ ರೈಲಿಗೆ ಅವಸರವೆಂಬುದು ಗೊತ್ತಿರಲಿಲ್ಲವಾದ್ದರಿಂದ ಸಿಕ್ಕಿತು.

ಆ ದಿನವಿಡೀ ವೆಂಕಟರತ್ನಮ್ಮ ಮೇಷ್ಟ್ರಾದಳು, ಮೇಷ್ಟ್ರು ವಿದ್ಯಾರ್ಥಿಯಾದರು. "ಅದು ಕಾಯಿ ಸಾಮಿ, ಇನ್ನೂ ಹಸಿರಿದೆ ನೋಡಿ, ಬಿಡಿ ಅದನ್ನ." "ಹಿಸುಕಬೇಡಿ, ಸೀಮೆಸುಣ್ಣ ಅಲ್ಲ ಅದು." ಮೇಷ್ಟ್ರು ಹೂಂಗುಟ್ಟುತ್ತ ಆರಿಸಿದರು. ಮಧ್ಯೆ ಮಧ್ಯೆ ಕೈ ತಾನಾಗಿ ಸೊಂಟಕ್ಕೆ ಹೋಗಿ, ಡಬ್ಬಿ ಸಿಗದೆ ವಾಪಸು ಬರುತ್ತಿತ್ತು.

ಸಂಜೆ ರಾಮಲಕ್ಷ್ಮಿ ಬಂದಾಗ ಚಂದ್ರಿಕೆಗಳೆಲ್ಲ ತುಂಬಿ, ಗೋಡೆಗೆ ಒರಗಿ ನಿಂತಿದ್ದವು. ಹುಳಗಳು ನೂಲು ಬಿಡತೊಡಗಿದ್ದವು. ಮೇಷ್ಟ್ರು ಮೂಲೆಯಲ್ಲಿ ಮುದ್ದೆ ಉಣ್ಣುತ್ತಿದ್ದರು.

"ಏನೇನು ಬಂದಿತ್ತಮ್ಮ?"

"ಸುಂಕದ್ದು ಬಂದಿತ್ತು ಸಾರ್. ಎರಡು ಹಾಳೆ ಬರೆದೆ. ಜೀತದ ಬಿಡುಗಡೆಯ ಪರಿಣಾಮ ವಿವರಿಸಿ ಅಂತ ಇನ್ನೊಂದು. ಹೊಲ ಕೊಡದೇ ಇದ್ದಿದ್ದನ್ನೂ ಬರೆದೆ."

"ಬಿಡುಗಡೆ ಯಾವ ಇಸವಿ ಹಾಕಿದೆ?"

"ಅರವತ್ಮೂರು. ಸಾವಿರದ ಎಂಟುನೂರ ಅರವತ್ಮೂರು. ಸರೀನಾ ಸಾರ್?"

ಮೇಷ್ಟ್ರು ಬೋಳು ತುಟಿ ಸವರಿಕೊಂಡು ಕಣ್ಣು ಮುಚ್ಚಿದರು. "ಇರಬೇಕು ಕಣಮ್ಮ. ಬೆಳಗಿಂದ ನಸ್ಯ ಇಲ್ಲ, ನನಗೇ ಜ್ಞಾಪಕಕ್ಕೆ ಬರ್ತಿಲ್ಲ."

ಮುದ್ದೆ ಮುಗಿಸಿ ಅವರು ಹುಣಸೆಮರದ ಕಡೆ ನಡೆದ ರಭಸ ನೋಡಿ ಬಯ್ಯಪ್ಪ ನಕ್ಕ. ತುಸು ಹೊತ್ತಿನಲ್ಲೇ ಕತ್ತಲಿನಿಂದ ದೊಡ್ಡದೊಂದು ಸೀನು, ಅದರ ಹಿಂದೆಯೇ ಮೇಷ್ಟ್ರ ದನಿ ಕೇಳಿಸಿತು. "ಸರಿ ಕಣಮ್ಮಾ. ಅರವತ್ಮೂರೇ."

ಆಮೇಲೆ ಕೆಲವು ದಿನ ಶಿಡ್ಲಘಟ್ಟದ ಪೇಟೆಯಲ್ಲಿ ಕಂಡವರೆಲ್ಲ ಮೇಷ್ಟ್ರನ್ನು ತಡೆದು ಸಂತಾಪ ಹೇಳಿದರು. ಅವರು ಯಾರಿಗೂ ವಿವರಿಸಲು ಹೋಗಲಿಲ್ಲ.

ಮುಂದಿನ ಬೆಳೆಯ ಹುಳ ಎರಡನೆಯ ಜ್ವರದಲ್ಲಿದ್ದಾಗ ಒಂದು ಬೆಳಗ್ಗೆ ಮೇಷ್ಟ್ರು ರಿಸಲ್ಟು ಬಂದ ಪೇಪರು ಎತ್ತಿ ಹಿಡಿದು ತೋಟದ ದಾರಿಯಲ್ಲಿ ಬಿರಬಿರನೆ ಬಂದರು. ಮೀಸೆ ಪೂರ್ತಿ ಬೆಳೆದಿತ್ತು. ಕಾಲುವೆ ದಾಟಲು ಒಂದು ಕಾಲು ಎತ್ತಿದವರು ಹಾಗೇ ಹಿಂದೆ ಸರಿದರು. ಬಾಗಿಲಲ್ಲಿ ರಾಮಲಕ್ಷ್ಮಿ ನಿಂತಿದ್ದಳು. ಮೇಷ್ಟ್ರು ನಿಧಾನವಾಗಿ ಬಗ್ಗಿ, ಒಂದು ಚಿಟಿಕೆ ಮಣ್ಣೆತ್ತಿ, ಮೇಲಿಂದ ಬಿಟ್ಟು ನೋಡಿದರು.

"ಗಾಳಿ ಆಮೇಲೆ ನೋಡೋರಂತೆ ಸಾಮಿ," ಎಂದು ವೆಂಕಟರತ್ನಮ್ಮ ಒಳಗಿಂದ ಕೂಗಿದಳು. "ನಂಬರು ಇದೆಯೋ ಇಲ್ಲವೋ, ಅದನ್ನ ಮೊದಲು ಹೇಳಿ."

"ಇದೆ ಕಣಮ್ಮ," ಎಂದರು ಮೇಷ್ಟ್ರು. ಮಣ್ಣು ಮನೆಯ ಕಡೆ ಹೋಗದೆ ಆಚೆಗೆ ಹಾರಿತು. ಪೇಪರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಲ್ಲೇ ಕೂತು, ಸಮಾಧಾನವಾಗಿ ಡಬ್ಬಿಯ ಮುಚ್ಚಳ ತಟ್ಟಿದರು.