ಸತುವಿಲ್ಲದ ಕಿಣ್ವ

ಒಳಗಿನ ಸತುವನ್ನೆಲ್ಲ ತೆಗೆದುಹಾಕಿದ ಮೇಲೂ ಕಿಣ್ವ ಕೆಲಸ ಮಾಡುತ್ತದೆ ಎಂದು ಎನಿಕೋ ತೋರಿಸಿದ್ದಳು. ಸೆಗೆಡ್‌ನ ಪ್ರಯೋಗಾಲಯದಲ್ಲಿ ಮೊದಲು ಯಾರೂ ನಂಬಲಿಲ್ಲ; ಸತುವಿಲ್ಲದೆ ಅದು ಸತ್ತಂತೆ ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಅವಳ ಕೊಳವೆಗಳು ಪ್ರತಿ ಸಲವೂ ಹಳದಿಗೆ ತಿರುಗಿದವು. ಹಳದಿ ಬಂತೆಂದರೆ ಕಿಣ್ವಕ್ಕೆ ಜೀವ ಇದೆ ಎಂದೇ ಲೆಕ್ಕ.

ಅದೇ ಪ್ರಯೋಗ ಅವಳ ಜೊತೆಗಾರ ಝೊಂಬೋರ್ ಮಾಡಿದರೆ ಕೊಳವೆ ತಿಳಿನೀರಿನಂತೆ ಸುಮ್ಮನಿರುತ್ತಿತ್ತು.

"ಕಿಣ್ವಾನ ಕೊಂದು ತರ್ತೀಯಲ್ಲೋ! ಹೋಗಿ ಎನಿಕೋ ಹತ್ರ ಕಲಿ," ಎಂದು ಪ್ರೊಫೆಸರ್ ಇಲ್ಕಾ ಮೇಡಂ ಹೋದ ವಾರ ಎಲ್ಲರೆದುರು ಅಂದಿದ್ದರು. ಎನಿಕೋ ಸುಮ್ಮನಿದ್ದಳು.

ಇವತ್ತು ಹೊರಗಿನ ವಿಜ್ಞಾನಿಗಳು ಬಂದಿದ್ದರು. ಇಲ್ಕಾ ಮಧ್ಯಾಹ್ನ ಅವರೆದುರು ಈ ಶೋಧ ಸಾರುವವರಿದ್ದರು. ಬೆಳಿಗ್ಗೆ ಎನಿಕೋ ಚಳಿಗೆ ಒಡೆದ ಕೈಗೆ ಮುಲಾಮು ಹಚ್ಚಿಕೊಂಡು ಕೈಗವಸು ಎಳೆದುಕೊಳ್ಳುತ್ತಿದ್ದಳು.

"ರೊಟ್ಟಿಗೆ ಹಂದಿಕೊಬ್ಬು ಸವರಿದ ಹಾಗೆ ಸವರ್ತೀಯಲ್ಲೇ," ಅಂದ ಝೊಂಬೋರ್. "ಏನದು?"

"ಕೂಸುಗಳ ಕುಂಡೆಗೆ ಹಚ್ಚೋದು. ಔಷಧಿ ಅಂಗಡಿಯಾಕೆ ಕೊಟ್ಳು."

ಅಂದವಳು ಅಲ್ಲಿಗೇ ನಿಂತಳು. ಬೆಳ್ಳಗಿನ ಆ ಮುಲಾಮಿನ ತುಂಬ ಇರುವುದು ಸತುವೇ. ದಿನಾ ಮುಲಾಮಿನ ಕೈಯಿಂದಲೇ ಗವಸು ಎಳೆದುಕೊಳ್ಳುತ್ತಿದ್ದಳು. ಆಮೇಲೆ ಅದೇ ಗವಸಿನ ಹೆಬ್ಬೆರಳಲ್ಲಿ ಕೊಳವೆಯ ಬಾಯಿ ಮುಚ್ಚಿ ತಲೆಕೆಳಗು ಮಾಡುತ್ತಿದ್ದಳು. ಹೋದ ವಾರವೂ ಈ ಅನುಮಾನ ಒಮ್ಮೆ ಇಣುಕಿತ್ತು. ಅವಳೇ ತಳ್ಳಿಹಾಕಿದ್ದಳು.

ಮಧ್ಯಾಹ್ನ ಇಲ್ಕಾ ಕೋಟು ಸರಿಮಾಡಿಕೊಳ್ಳುತ್ತಿದ್ದಾಗ ಎನಿಕೋ ಝೊಂಬೋರನನ್ನೂ ಕರೆತಂದು ಅವನ ಸತ್ತ ಕೊಳವೆಯನ್ನು ಅವರ ಮುಂದೆ ಹಿಡಿದಳು. ಗವಸಿನ ಹೆಬ್ಬೆರಳು ತೊಳೆದ ನೀರನ್ನು ಅದರೊಳಗೆ ಒಂದು ತೊಟ್ಟು ಬಿಟ್ಟಳು.

ಹಳದಿ ಮೆಲ್ಲಗೆ ಏರಿತು.

"ಸತು ನನ್ನ ಕೈಯಿಂದ ಬರ್ತಿತ್ತು ಮೇಡಂ. ಇವನ ಫಲಿತಾಂಶವೇ ಸರಿ."

"ಯಾವಾಗಿಂದ ಗೊತ್ತು ನಿಂಗೆ?"

"ಗೊತ್ತಾಗಿದ್ದು ಇವತ್ತು. ಅನುಮಾನ... ನೀವು ಇವನನ್ನ ಬೈದಾಗಲೇ ಇತ್ತು."

ಇಲ್ಕಾರ ಮುಖ ಬಿಳಿಚಿತು. ಝೊಂಬೋರನ ಕಡೆ ತಿರುಗಿದರು. ಆಮೇಲೆ ಎನಿಕೋಗೆ ಅಂದರು: "ಒಳಗೆ ಎಲ್ಲ ಕೂತಿದಾರೆ. ಬಾ, ನೀನೇ ಹೇಳು."

ಝೊಂಬೋರ್ ಮುಂದೆ ಹೋಗಿ ಬಾಗಿಲು ತೆರೆದು ಹಿಡಿದ. "ಹೋಗೇ, ನಾನೂ ಬರ್ತೀನಿ," ಎಂದ, ಮೆತ್ತಗೆ.

ಅವನು ಬೈದಿದ್ದರೆ ತಲೆ ಎತ್ತಬಹುದಿತ್ತು. ಎನಿಕೋ ನೆಲ ನೋಡುತ್ತಲೇ ಒಳಗೆ ನಡೆದಳು.