ಚಿಪ್ಪು ಬಾಯಿ ಬಿಡುವಷ್ಟು ಹೊತ್ತು

ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕೆಲಸ. ಹಾಗಾಗಿ ಬೀದಿಯವರಿಗೆಲ್ಲ ಅವನು ರಟ್ಟಣ್ಣ. ಅಂಟು ಒಣಗುವವರೆಗೆ ಕಾಯುವ ಕೆಲಸ ಮಾಡಿ ಮಾಡಿ ಅವನ ನಡೆ ನುಡಿ ಎಲ್ಲವೂ ನಿಧಾನ. ಆ ದಿನ ಮಾತ್ರ ಅವನ ಬಳಿ ಕಾಯಲು ಹೊತ್ತಿರಲಿಲ್ಲ.

ಹಾಸಿಗೆ ಹಿಡಿದ ಹೆಂಡತಿಯನ್ನು ನೋಡಲು ಬೆಳಿಗ್ಗೆ ಎಂಟಕ್ಕೆ ಬಂದ ನರ್ಸಮ್ಮ ಹೋಗುವಾಗ ಅವನನ್ನು ಬಾಗಿಲ ಹೊರಗೆ ಕರೆದು ದನಿ ತಗ್ಗಿಸಿ ಹೇಳಿದ್ದಳು: "ಮೂರು ದಿನ ಆಯ್ತು ಯಜಮಾನ್ರೇ, ಹೊಟ್ಟೆಗೆ ಏನೂ ಹೋಗಿಲ್ಲ. ಹನ್ನೆರಡಕ್ಕೆ ಮತ್ತೆ ಬರ್ತೀನಿ. ಅಷ್ಟರಲ್ಲಿ ಬಾಯಿಂದ ಏನಾದ್ರೂ ಒಳಗೆ ಇಳಿದ್ರೆ ಸರಿ. ಇಲ್ಲಾಂದ್ರೆ ಗಾಡಿ ಕರೆಸ್ಬೇಕು. ಆಸ್ಪತ್ರೇಲಿ ಮೂಗಿಂದ ಪೈಪು ಹಾಕ್ತಾರೆ."

ಆ ಗಾಡಿ ಹತ್ತಿದರೆ ಅವಳು ಮತ್ತೆ ಮನೆಗೆ ಬರುವುದಿಲ್ಲವೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಹೋಗುವುದಾದರೆ ಕಿಟಕಿ ಪಕ್ಕದ ಈ ಮಂಚದಿಂದಲೇ ಹೋಗುತ್ತೇನೆ ಎಂದು ಅವಳು ಅವನಿಂದ ಮಾತು ತೆಗೆದುಕೊಂಡಿದ್ದಳು.

ಗಂಜಿ ತಂದರೆ ಮುಖ ತಿರುಗಿಸಿದಳು. ಹಾಲು ತಂದರೆ ಕಣ್ಣು ಮುಚ್ಚಿದಳು.

"ಏನಾದ್ರೂ ಒಂದು ಹೇಳೇ. ಏನು ಕೇಳಿದ್ರೂ ತರ್ತೀನಿ."

ಅವಳು ತುಟಿ ಆಡಿಸಿದಳು. "ಕಪ್ಪೆಚಿಪ್ಪು. ಹಸಿರು ರಸ ಹಾಕಿ. ಅದಾದ್ರೆ ಇಳೀಬಹುದೇನೋ."

ಅವನು ಚಪ್ಪಲಿ ಮೆಟ್ಟಿಕೊಂಡು ಓಡಿದ. ಮೀನಂಗಡಿಯ ಹೆಂಗಸು ಅವನನ್ನು ನೋಡಿ ನಕ್ಕಳು. "ಏನಣ್ಣ, ಇವತ್ತು ನೀವೇ ಬಂದ್ರಿ? ಅತ್ತಿಗೆ ಕೈ ಸೋತಿತಾ?" ಅವನ ಮುಖ ನೋಡಿದ ಮೇಲೆ ನಗು ನಿಲ್ಲಿಸಿ, ಎರಡು ಬೊಗಸೆ ಚಿಪ್ಪನ್ನು ಚೀಲಕ್ಕೆ ತುಂಬಿ ಮೇಲೆ ಇನ್ನೊಂದು ಹಿಡಿ ಹಾಕಿದಳು. "ಒಂದು ಗಂಟೆ ಉಪ್ಪುನೀರಲ್ಲಿ ಬಿಡಿ, ಮರಳು ಉಗುಳ್ತವೆ. ಬಾಯಿ ಬಿಟ್ಟಿದ್ದನ್ನ ಬೆರಳಲ್ಲಿ ತಟ್ಟಿ. ಮುಚ್ಕೊಳ್ಳದಿದ್ರೆ ಎಸೆದುಬಿಡಿ."

ಮನೆಗೆ ಬಂದು ಚಿಪ್ಪನ್ನು ಉಪ್ಪುನೀರಿಗೆ ಹಾಕಿದ. ಕೊತ್ತಂಬರಿ, ಪುದೀನ, ಒಂದೆಸಳು ಬೆಳ್ಳುಳ್ಳಿಯನ್ನು ಕುಟ್ಟಾಣಿಯಲ್ಲಿ ಜಜ್ಜಿ, ಎಣ್ಣೆ ಬೆರೆಸಿ, ಅರ್ಧ ನಿಂಬೆಹಣ್ಣು ಹಿಂಡಿದ. ಅವಳ ಬಾಯಿ ಹುಣ್ಣಾಗಿದ್ದರಿಂದ ಮೆಣಸಿನಕಾಯಿ ಹಾಕಲಿಲ್ಲ. ಗಡಿಯಾರ ನೋಡಿದ. ಚಿಪ್ಪು ನೆನೆಹಾಕಿ ಒಂದು ಗಂಟೆ ತುಂಬಲು ಇನ್ನೂ ಕಾಲುಗಂಟೆ ಬೇಕಿತ್ತು. ತಡೆಯಲಾರದೆ ನೀರು ಬಸಿದುಬಿಟ್ಟ.

"ಆಮೇಲೆ?" ಎಂದು ಅಡುಗೆಮನೆಯಿಂದಲೇ ಕೇಳಿದ.

"ಎಣ್ಣೆ ಕಾಯಿಸಿ ಚಿಪ್ಪು ಹಾಕಿ. ಮುಚ್ಚಳ ಮುಚ್ಚಿ. ನಮ್ಮ ಪ್ರಾರ್ಥನೆ ಒಂದ್ಸಲ ಹೇಳಿ ಮುಗಿಸೋಷ್ಟು ಹೊತ್ತು, ಅಷ್ಟೇ. ಮುಗೀತಾ, ಇಳಿಸಿ. ಸೊಪ್ಪಿನ ರಸ ಒಲೆ ಆರಿಸಿದ ಮೇಲೆ."

ರಟ್ಟಿಗೆ ಹೊದಿಸುವ ಹೊಸ ಚರ್ಮಕ್ಕೆ ಕತ್ತರಿ ಹಾಕುವ ಮುನ್ನ ಒಂದು ತುಂಡಿನ ಮೇಲೆ ನೋಡಿಕೊಳ್ಳುವುದು ಅವನ ಅಭ್ಯಾಸ. ಅದರಂತೆ ಅರ್ಧ ಚಿಪ್ಪನ್ನು ಮಾತ್ರ ಹಾಕಿ, ಮುಚ್ಚಳ ಮುಚ್ಚಿ, ಕಣ್ಣು ಮುಚ್ಚಿ ಕೈಮುಗಿದು ನಿಂತ. ಹನ್ನೆರಡು ಸಾಲಿನ ಪ್ರಾರ್ಥನೆ. ಒಂದೊಂದು ಸಾಲು ಮುಗಿದಾಗಲೂ ತನ್ನದೊಂದು ಮಾತು ಸೇರಿಸಿದ: ದೇವರೇ, ಒಂದು ತುತ್ತು ಇಳಿಸು. ದೇವರೇ, ಗಾಡಿ ಬಾರದ ಹಾಗೆ ಮಾಡು. ಕೊನೆಯ ಸಾಲಿಗೆ ಬರುವಾಗ ಪಾತ್ರೆಯಿಂದ ಸೀದ ವಾಸನೆ ಏಳುತ್ತಿತ್ತು.

ಹಸಿರು ರಸ ಸುರಿದು ಬಟ್ಟಲನ್ನು ಅವಳ ಬಳಿಗೆ ಒಯ್ದ. ಒಂದನ್ನು ಚಿಪ್ಪಿನಿಂದ ಬಿಡಿಸಿ ಬಾಯಿಗಿಟ್ಟ. ಅವಳು ಅಗಿದಳು, ಅಗಿದಳು, ಕಣ್ಣಲ್ಲಿ ನೀರು ಬರುವವರೆಗೆ ಅಗಿದು ಕೊನೆಗೆ ಅವನ ಅಂಗೈಗೆ ಉಗುಳಿದಳು.

"ರಬ್ಬರು," ಎಂದಳು. "ಎಷ್ಟು ಹೊತ್ತಿಟ್ರಿ?"

"ನೀನು ಹೇಳಿದ ಹಾಗೇ ಕಣೇ. ಒಂದು ಪ್ರಾರ್ಥನೆ."

"ನಿಮ್ಮದಾ, ನನ್ನದಾ?"

ಅವನಿಗೆ ಆಗ ಹೊಳೆಯಿತು. ಮದುವೆಯಾದಾಗಿನಿಂದ ಅವರ ನಡುವೆ ಇದ್ದ ಜಗಳವೇ ಅದು. ಅವನು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವವನು. ಅವಳು ಸೌಟು ಆಡಿಸುತ್ತ ಒಂದೇ ಉಸಿರಿಗೆ ಓಡಿಸುವವಳು. "ದೇವರೇನು ಬಸ್ಸು ಹಿಡೀಬೇಕಾ?" ಎಂದು ಅವನು ಗದರಿದರೆ, "ದೇವರು ಕಾಯ್ತಾನೆ ರೀ, ಒಲೆ ಮೇಲಿರೋದು ಕಾಯಲ್ಲ" ಎನ್ನುತ್ತಿದ್ದಳು. ಅವಳ ಅಡುಗೆಗೆಲ್ಲ ಆ ಓಟವೇ ಗಡಿಯಾರವಾಗಿತ್ತೆಂದು ಅವನಿಗೆ ತಿಳಿದೇ ಇರಲಿಲ್ಲ.

ಹನ್ನೊಂದೂವರೆ ದಾಟಿತ್ತು. ಉಳಿದದ್ದು ಒಂದೇ ಬೊಗಸೆ. ಅವಳಂತೆ ಹೇಳಿ ನೋಡಿದ. ಎರಡನೆಯ ಸಾಲಿಗೇ ನಾಲಿಗೆ ತೊಡರಿತು.

"ನೀನೇ ಹೇಳೇ," ಎಂದ. "ಮುಚ್ಚಳ ಮುಚ್ಚಿ ಕೂಗ್ತೀನಿ. ಆಗುತ್ತಾ?"

ಅವಳು ಗೋಣು ಆಡಿಸಿದಳು.

ಎಣ್ಣೆ ಕಾಯಿತು. ಚಿಪ್ಪುಗಳು ಸದ್ದು ಮಾಡುತ್ತ ಪಾತ್ರೆಗೆ ಬಿದ್ದವು. "ಹೂಂ," ಎಂದು ಕೂಗಿದ. ಒಳಗಿನಿಂದ ಅವಳ ದನಿ ಬಂತು. ನೂಲಿನಷ್ಟು ಸಣ್ಣದು, ಆದರೆ ಓಟ ಅದೇ. ಒಂದು ಸಾಲು, ಎರಡು, ಮೂರು, ನಾಲ್ಕು. ಅಲ್ಲಿಗೆ ಉಸಿರು ಕಡಿಯಿತು. ಕೆಮ್ಮು ಕೂಡ ಬರಲಿಲ್ಲ.

ಓಡಿ ಹೋಗಿ ನೋಡಬೇಕೆಂದು ಅವನ ಕಾಲು ಎಳೆಯಿತು. ಹೋದರೆ ಪಾತ್ರೆ ಕೈತಪ್ಪುತ್ತಿತ್ತು. ಮುಚ್ಚಳದ ಹಿಡಿಯನ್ನು ಬಿಗಿಯಾಗಿ ಹಿಡಿದು, ಅವಳು ಬಿಟ್ಟ ಐದನೆಯ ಸಾಲಿನಿಂದ ಎತ್ತಿಕೊಂಡ. ಕಣ್ಣು ಮುಚ್ಚಲಿಲ್ಲ, ಕೈಮುಗಿಯಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ದೇವರ ಹೆಸರನ್ನೇ ಅರ್ಧ ನುಂಗಿ ಓಡಿದ. ಮುಗಿಯಿತು. ಮುಚ್ಚಳ ತೆಗೆದ. ಒಂದನ್ನು ಬಿಟ್ಟು ಎಲ್ಲವೂ ಬಾಯಿ ಬಿಟ್ಟಿದ್ದವು. ಒಲೆ ಆರಿಸಿ ರಸ ಸುರಿದ. ಬಿಸಿಗೆ ಪುದೀನದ ಪರಿಮಳ ಮನೆಯೆಲ್ಲ ತುಂಬಿತು.

ಅವಳ ಎದೆ ಏರಿಳಿಯುತ್ತಿತ್ತು. ಅದನ್ನು ನೋಡಿದ ಮೇಲೆಯೇ ಅವನು ಉಸಿರು ಬಿಟ್ಟ.

ಮೊದಲನೆಯದು ಇಳಿಯಿತು. ಎರಡನೆಯದೂ ಇಳಿಯಿತು. ಮೂರು ಚಮಚ ರಸ ಕುಡಿದಳು. ಮೂರನೆಯ ಚಿಪ್ಪಿಗೆ ತುಟಿ ಬಿಗಿದಳು.

"ಮರಳಿದೆ," ಎಂದಳು.

"ಒಂದು ಗಂಟೆ ಬಿಟ್ಟಿದ್ದೆ ಕಣೇ."

"ಸುಳ್ಳು."

ಹನ್ನೆರಡಕ್ಕೆ ನರ್ಸಮ್ಮ ಬಂದಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಎರಡು ಬಟ್ಟಲು ಖಾಲಿ ಚಿಪ್ಪು ರಾಶಿಯಾಗಿತ್ತು. ಗಟ್ಟಿಯಾದದ್ದನ್ನು ಎಸೆಯಲು ಮನಸ್ಸು ಬಾರದೆ ಅವನೇ ಅಗಿದು ತಿಂದಿದ್ದ. ಮಿಕ್ಕದ್ದನ್ನೂ ಅವನೇ ತಿಂದಿದ್ದ.

"ಅಬ್ಬಾ, ಇಷ್ಟೂ ತಿಂದ್ರಾ ಅಮ್ಮ?"

ಹೆಂಡತಿ ಅವನನ್ನೇ ನೋಡಿದಳು. ಹೂಂ ಅಂದುಬಿಡಿ ಎನ್ನುತ್ತಿತ್ತು ಆ ನೋಟ. ಅವನ ಬಾಯಲ್ಲಿ ಇನ್ನೂ ಪ್ರಾರ್ಥನೆಯ ಕೊನೆಯ ಸಾಲಿತ್ತು. ಅದೇ ಬಾಯಲ್ಲಿ ಇನ್ನೊಂದು ಸುಳ್ಳು ಬರಲಿಲ್ಲ.

"ಎರಡು ಅವಳದು," ಎಂದ. "ಮೂರು ಚಮಚ ರಸ. ಉಳಿದದ್ದು ನನ್ನದು."

ನರ್ಸಮ್ಮ ಚೀಟಿಯಲ್ಲಿ ಬರೆದುಕೊಂಡಳು. "ಎರಡಾದ್ರೂ ತಿಂದ ಹಾಗೇ. ಇವತ್ತು ಗಾಡಿ ಬೇಡ."

"ನಾಳೆ?"

"ನಾಳೆದು ನಾಳೆ ನೋಡೋಣ. ಈಗ ಹಾಸಿಗೆ ಬಟ್ಟೆ ಬದಲಾಯಿಸ್ತೀನಿ, ಅರ್ಧ ಗಂಟೆ ಇಲ್ಲೇ ಇರ್ತೀನಿ. ನೀವು ಸ್ವಲ್ಪ ಹೊರಗಡೆ ಗಾಳಿಗೆ ಹೋಗಿ ಬನ್ನಿ."

ಅವನು ಚೀಲ ತೆಗೆದುಕೊಂಡ. ಮೀನಂಗಡಿ ಒಂದು ಗಂಟೆಗೆ ಮುಚ್ಚುತ್ತಿತ್ತು. ಈ ಸಲ ರಾತ್ರಿಯೆಲ್ಲ ಉಪ್ಪುನೀರಲ್ಲಿ ಬಿಡಬೇಕು. ನಾಳೆಗೆ ಒಂದು ಕಾಳು ಮರಳೂ ಇರಬಾರದು. ಮೆಟ್ಟಿಲು ಇಳಿಯುತ್ತ ಅವಳ ಓಟದಲ್ಲಿ ಪ್ರಾರ್ಥನೆ ಹೇಳಿಕೊಂಡ. ನಾಳೆ ಅವಳಿಗೆ ನಾಲ್ಕು ಸಾಲು ಹೇಳುವ ಉಸಿರಾದರೂ ಇರುತ್ತದೋ ಇಲ್ಲವೋ. ಐದನೆಯ ಸಾಲಿಗೆ ನಾಲಿಗೆ ತೊಡರಿತು. ಮೆಟ್ಟಿಲ ಕಂಬಿ ಹಿಡಿದು ನಿಂತು, ಮತ್ತೆ ಮೊದಲಿನಿಂದ ಶುರು ಮಾಡಿದ.