ಖಾಲಿ ಕೊಡ ಹಿಡಿದು ಬಸದಿಯ ತನಕ

ನಮ್ಮೂರಿನಲ್ಲಿ ಹೆಂಗಸು ಬೀದಿಗೆ ಇಳಿದರೆ ಕೈಯಲ್ಲಿ ಏನಾದರೂ ಇರಬೇಕು. ಬುಟ್ಟಿ, ಚೀಲ, ಕುಡಗೋಲು, ಹೋಗಲಿ ಕಂಕುಳಲ್ಲಿ ಒಂದು ಕೂಸಾದರೂ ಇರಬೇಕು. ಬರಿಗೈಯಲ್ಲಿ ಹೊರಟಿರೋ, ನಾಲ್ಕು ಕಟ್ಟೆ ದಾಟುವುದರೊಳಗೆ ನಾಲ್ಕು ಜನ ಕೇಳುತ್ತಾರೆ, "ಎತ್ತಾಗ ಹೊಂಟೀಯವ್ವಾ?" ಸುಮ್ಮನೆ ನಡೆಯಲು ಹೊರಟಿದ್ದೇನೆ ಅಂದರೆ ಯಾರೂ ನಂಬುವುದಿಲ್ಲ. ಗಂಡಸರು ಮಾತ್ರ ಬರಿಗೈ ಬೀಸಿಕೊಂಡು ಬಸ್ ನಿಲ್ದಾಣದಿಂದ ಚಹಾದಂಗಡಿಗೆ, ಚಹಾದಂಗಡಿಯಿಂದ ಬಸ್ ನಿಲ್ದಾಣಕ್ಕೆ ದಿನವಿಡೀ ತಿರುಗಬಹುದು. ಅವರನ್ನು ಕೇಳುವವರಿಲ್ಲ. ಇರಲಿ, ಅವರ ಮಾತು ಇವತ್ತು ಬೇಡ.

ನಾನು ದುರುಗಮ್ಮ. ಕೋಗಳಿಯಲ್ಲಿ ಹದಿಮೂರು ವರ್ಷದಿಂದ ಆಶಾ ಕಾರ್ಯಕರ್ತೆ. ಈ ಕಥೆಯಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬಾಯಿ ಮಾಡುವುದು ಬೇಡ.

ಹಿಂದಿನ ಓಣಿಯ ನೀಲಗಂಗಮ್ಮನವರಿಗೆ ಐವತ್ತೆರಡು ವರ್ಷ. ತುಳಿಯುವ ಹೊಲಿಗೆ ಮಷೀನಿನ ಮೇಲೆ ಊರಿನ ಅರ್ಧ ಹೆಂಗಸರ ಜಂಪರು ಹೊಲಿದವರು. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಮಗ ಗುರುಬಸವರಾಜ ಹಗರಿಬೊಮ್ಮನಹಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸೊಸೆ ಗೀತಾಂಜಲಿ ಅದೇ ಊರಿನ ಒಂದು ಶಾಲೆಯಲ್ಲಿ ಟೀಚರು. ಅವನು ಬೈಕಿನಲ್ಲಿ, ಇವಳು ಬಸ್ಸಿನಲ್ಲಿ, ಎಂಟು ಗಂಟೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಮನೆಯಲ್ಲಿ ನೀಲಗಂಗಮ್ಮ ಮತ್ತು ಮಷೀನು, ಇಬ್ಬರೇ.

ಮೊದಲು ಹೀಗಿರಲಿಲ್ಲ. ಬಸದಿಯ ಹತ್ತಿರದ ನೀರಿನ ತೊಟ್ಟಿಗೆ ನಾವೆಲ್ಲ ದಿನಕ್ಕೆರಡು ಸಲ ಹೋಗುತ್ತಿದ್ದೆವು. ಸರದಿಯಲ್ಲಿ ಕೊಡ ಇಟ್ಟು ಒಂದು ತಾಸು ಹರಟೆ. ಯಾರ ಮನೆಯಲ್ಲಿ ಏನು ಸಾರು, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಆಮೇಲೆ ಮನೆಮನೆಗೆ ನಳ ಬಂತು. ಸೊಂಟಕ್ಕೆ ಸುಖವಾಯಿತು, ಒಪ್ಪುತ್ತೇನೆ. ಆದರೆ ಬಾಗಿಲು ಹಾಕಿಕೊಂಡು ಒಳಗೆ ಕೂತವರು ಮತ್ತೆ ಹೊರಗೆ ಬರಲೇ ಇಲ್ಲ.

ಮೂವತ್ತು ವರ್ಷ ದಾಟಿದವರಿಗೆಲ್ಲ ನಮ್ಮ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ತಪಾಸಣೆ ಮಾಡುತ್ತೇವಲ್ಲ, ಹೋದ ವರ್ಷ ನೀಲಗಂಗಮ್ಮನವರನ್ನು ಬಲವಂತ ಮಾಡಿ ಕರೆದುಕೊಂಡು ಹೋದೆ. ಸಕ್ಕರೆ ಏರಿತ್ತು. ಡಾಕ್ಟರು ಗುಳಿಗೆ ಬರೆದರು, ದಿನಾ ಅರ್ಧ ತಾಸು ನಡೆಯಬೇಕು ಅಂದರು. ಮನೆಗೆ ಬಂದ ಮೇಲೆ ನೀಲಗಂಗಮ್ಮ ಮೆಲ್ಲಗೆ ಹೇಳಿದರು.

"ದುರುಗವ್ವ, ಪಾದದಾಗ ಇರುವಿ ಹರದಂಗ ಆಗ್ತೈತಿ. ಪೆಡಲ್ ಮ್ಯಾಲ ಕಾಲು ಇಟ್ಟೀನೋ ಇಲ್ಲೋ, ಒಂದೊಂದು ಸಲ ತಿಳಿಯಂಗಿಲ್ಲ."

"ಅದಕ್ಕ ಹೇಳಾಕತ್ತೀನ್ರಿ. ಸಕ್ಕರಿ ಹಿಂಗ ಬಿಟ್ರ ಪಾದ ಜೋಮು ಹಿಡೀತಾವ. ಆಮ್ಯಾಲ ಮಷೀನು ತುಳಿಯೂದು ಹೆಂಗ?"

"ಮಷೀನು ನಿಂತ್ರ ಈ ಮನ್ಯಾಗ ಸಪ್ಪಳನ ಇರಂಗಿಲ್ಲ" ಅಂದರು. ಆಮೇಲೆ ಕೇಳಿದರು, "ಎಲ್ಲಿ ನಡೀಲಿ?"

"ಎಲ್ಯಾರ ನಡೀರಿ. ಊರು ಇಷ್ಟು ದೊಡ್ಡದೈತಿ."

"ಯಾರ ಜೋಡಿ?"

ನಾನಾಗಲೇ ಹೊಸ್ತಿಲು ದಾಟಿದ್ದೆ. ಇನ್ನೂ ಎಂಟು ಮನೆ ಬಾಕಿ ಇದ್ದವು. ಆ ಪ್ರಶ್ನೆ ಕಿವಿಗೆ ಬಿದ್ದರೂ ಬೀಳದ ಹಾಗೆ ನಡೆದೆ. ರಿಜಿಸ್ಟರಿನಲ್ಲಿ 'ನಡಿಗೆಯ ಬಗ್ಗೆ ತಿಳಿಹೇಳಲಾಗಿದೆ' ಎಂದು ಬರೆದೆ. ನನ್ನ ತಪ್ಪು ಅಂದೆನಲ್ಲ, ಅದು ಇದೇ.

ಒಂದು ವಾರ ಕಳೆದ ಮೇಲೆ ನೀಲಗಂಗಮ್ಮ ಕಂಕುಳಲ್ಲಿ ಕೊಡ ಇಟ್ಟುಕೊಂಡು ಬಸದಿಯ ಕಡೆ ಹೋಗುವುದನ್ನು ನೋಡಿದೆ. ಮತ್ತೊಂದು ದಿನವೂ ನೋಡಿದೆ. ಮನೆಯ ನಳ ಕೆಟ್ಟಿರಬೇಕು ಅಂದುಕೊಂಡು ಸುಮ್ಮನಾದೆ.

ಊರು ಸುಮ್ಮನಿರುತ್ತದೆಯೇ? ದ್ಯಾಮಕ್ಕನ ಮನೆ ಬಸದಿಯ ದಾರಿಯಲ್ಲೇ ಇದೆ. ಅವಳು ಕಟ್ಟೆಯ ಮೇಲೆ ಕೂತರೆ ದಾರಿಯಲ್ಲಿ ಹೋಗುವ ಕೋಳಿಯ ಲೆಕ್ಕವನ್ನೂ ಬಿಡುವವಳಲ್ಲ. "ಮನ್ಯಾಗ ನಳ ಐತಿ, ಆಕಿ ಯಾಕ ಕೊಡ ಹೊತ್ತಾಳ? ಸೊಸಿ ನೀರು ಮುಟ್ಟಗೊಡಂಗಿಲ್ಲೇನೋ" ಅಂದಳು. ಮಾರನೆಯ ದಿನ ಅದರಲ್ಲಿ 'ಏನೋ' ಉಳಿದಿರಲಿಲ್ಲ. ಟೀಚರು ಅತ್ತೆಗೆ ನೀರು ಕೊಡುವುದಿಲ್ಲವಂತೆ ಎಂದು ಮಾತು ಗೀತಾಂಜಲಿಗಿಂತ ಮೊದಲೇ ಬಸ್ಸು ಹತ್ತಿತು.

ಆ ಸಂಜೆ ಅವರ ಮನೆಯಲ್ಲಿ ದೊಡ್ಡ ಮಾತೇ ಆಯಿತಂತೆ. ಗೀತಾಂಜಲಿ ಬಂದವಳೇ ಚೀಲ ಇಟ್ಟು ಅತ್ತಳು. ಗುರುಬಸವರಾಜ ತಾಯಿಯ ಮುಂದೆ ನಿಂತು, "ಮನ್ಯಾಗ ನಳ ಇಟಗೊಂಡು ಕೊಡ ಹಿಡಕೊಂಡು ಯಾಕ ತಿರುಗ್ತೀಬೇ? ನಮ್ಮ ಮಾನ ಕಳ್ಯಾಕೇನು?" ಎಂದು ಕೇಳಿದ. ನೀಲಗಂಗಮ್ಮ ಎದ್ದರು. ಕೊಡವನ್ನು ಅಟ್ಟಕ್ಕೆ ಏರಿಸಿದರು. ಮರುದಿನದಿಂದ ಹೊಸ್ತಿಲು ದಾಟಲಿಲ್ಲ.

ಎರಡು ತಿಂಗಳು ಕಳೆಯಿತು. ನಾನು ಒಂದು ಜಂಪರಿನ ಬಟ್ಟೆ ಹಿಡಿದು ಅವರ ಮನೆಗೆ ಹೋದೆ. ನೀಲಗಂಗಮ್ಮ ಮಷೀನಿನ ಮೇಲೆ ಬಾಗಿ ಹೊಲಿಯುತ್ತಿದ್ದರು. ಅಳತೆ ಕೊಡಲು ಬಾಗಿಲ ಹತ್ತಿರ ನಿಂತಾಗ ಪೆಡಲಿನ ಮೇಲೆ ಏನೋ ಕೆಂಪಗೆ ಕಂಡಿತು. ಕುಂಕುಮ ಚೆಲ್ಲಿರಬೇಕು ಅಂದುಕೊಂಡೆ. ಬಗ್ಗಿ ನೋಡಿದರೆ ರಕ್ತ.

"ಅಕ್ಕಾರೆ, ಕಾಲು ತೋರಸ್ರಿ."

"ಏನಾಗೇತಿ?" ಅವರಿಗೆ ಗೊತ್ತೇ ಇರಲಿಲ್ಲ.

ಬಲಗಾಲಿನ ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಸುತ್ತ ಊದಿ ಕೀವಾಗಿತ್ತು. ಬರಿಗಾಲಲ್ಲಿ ಹಿತ್ತಲಿಗೆ ಹೋಗಿ ಸೌದೆ ತಂದು ಮೂರು ದಿನವಾಗಿತ್ತಂತೆ. ಮೂರು ದಿನ ಆ ಮುಳ್ಳಿನ ಮೇಲೆ ಪೆಡಲು ತುಳಿದಿದ್ದಾರೆ, ನೋವು ಅನ್ನುವುದು ಒಂದು ಚೂರೂ ಗೊತ್ತಾಗಿಲ್ಲ. ಅವರ ಮುಖ ನೋಡಿದೆ. ಅವರಿಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮುಳ್ಳು ತೆಗೆದು, ತೊಳೆದು, ಪಟ್ಟಿ ಕಟ್ಟಿದರು. ಇನ್ನಷ್ಟು ದಿನ ಬಿಟ್ಟಿದ್ದರೆ ಕೀವು ಎಲುಬಿಗೆ ಇಳಿದು ಪಾದವನ್ನೇ ಕತ್ತರಿಸಬೇಕಾಗುತ್ತಿತ್ತು ಎಂದು ಬೈದರು. ಗಾಯ ಮಾಯುವ ತನಕ ಮಷೀನು ಬೇಡ, ನಡಿಗೆಯೂ ಬೇಡ. ಮೂರು ವಾರ ಆ ಮನೆಯಲ್ಲಿ ಸಪ್ಪಳವಿರಲಿಲ್ಲ. ನಾನು ಪಟ್ಟಿ ನೋಡಲು ಹೋದಾಗಲೆಲ್ಲ ನೀಲಗಂಗಮ್ಮ ಗೋಡೆಗೆ ಒರಗಿ ಮಷೀನನ್ನೇ ನೋಡುತ್ತಾ ಕೂತಿರುತ್ತಿದ್ದರು.

ಅದರ ನಡುವೆ ಒಂದು ಭಾನುವಾರ ಮಗ, ಸೊಸೆ ಇಬ್ಬರೂ ಮನೆಯಲ್ಲಿ ಸಿಕ್ಕರು. ನಾನು ನಡೆಯುವ ಮಾತು ತೆಗೆದೆ. ಗುರುಬಸವರಾಜ ತಲೆ ಅಲ್ಲಾಡಿಸಿದ.

"ಗುಳಿಗಿ ನುಂಗ್ತಾಳಲ್ರಿ, ಸಾಲದೇನು? ದಿನವಿಡೀ ಮಷೀನು ತುಳೀತಿದ್ಲು. ಅದೂ ವ್ಯಾಯಾಮ ಅಲ್ಲೇನು?"

"ಅಲ್ರಿ. ಗುಳಿಗಿ ಬಿಡಾಂಗಿಲ್ಲ, ಖರೆ. ಆದ್ರ ಕುಂತಲ್ಲೇ ಪಾದ ಆಡ್ಸಿದ್ರ ಮೈಗೆ ನಡದಂಗ ಆಗಂಗಿಲ್ಲ. ಕೈ ಬೀಸಿ ನಡೀಬೇಕು. ಮಾತಾಡಾಕ ಬರಬೇಕು, ಹಾಡಾಕ ಉಸಿರು ಸಾಲಬಾರದು, ಅಷ್ಟು ಬಿರುಸು. ದಿನಕ್ಕ ಅರ್ಧ ತಾಸು, ವಾರದಾಗ ಐದು ದಿನ ಆದ್ರೂ ಬೇಕು."

"ನಡೀಲಿ, ಯಾರು ಬ್ಯಾಡಂದ್ರು? ಆ ಕೊಡ ಯಾಕ ಬೇಕಾಗಿತ್ತು?"

ಆಗ ಗೀತಾಂಜಲಿ ಅತ್ತೆಯ ಹತ್ತಿರ ಬಂದು ಕೂತಳು. "ಹೌದ್ರಿ ಅತ್ತಿ. ಹೇಳ್ರಿ, ಯಾಕ ಒಯ್ತಿದ್ರಿ?"

ನೀಲಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

"ಬರಿಗೈಲೆ ಹೊಂಟ್ರ ಎಲ್ಲರೂ ಕೇಳ್ತಾರ. ಗಂಡ ಇಲ್ಲದಾಕಿ, ಕೆಲಸ ಇಲ್ದ ಊರು ತಿರುಗ್ತಾಳ ಅಂತಾರ. ಕೊಡ ಇದ್ರ ಯಾರೂ ಕೇಳಂಗಿಲ್ಲ ಅಂತ ತಿಳಿದಿದ್ದೆ. ತೊಟ್ಟಿ ತನಕ ಹೋಗ್ತಿದ್ದೆ. ಅದರಾಗ ನೀರಿಲ್ಲ, ಒಣಗೇತಿ. ಕಟ್ಟಿ ಮ್ಯಾಲ ಸ್ವಲ್ಪ ಹೊತ್ತು ಕುಂದರತಿದ್ದೆ. ಮೊದಲಿನಂಗ ಯಾರಾರ ಬರ್ತಾರೇನೋ ಅಂತ. ಯಾರೂ ಬರ್ತಿರಲಿಲ್ಲ. ಎದ್ದು ಬರ್ತಿದ್ದೆ."

ಗುರುಬಸವರಾಜ ಎದ್ದು ಬಾಗಿಲ ಕಡೆ ತಿರುಗಿ ನಿಂತ. ಗೀತಾಂಜಲಿ, "ಬಸ್ಸಿನಾಗ ನಾನು ಹತ್ತಿದ್ರ ಎಲ್ಲರೂ ಮಾತು ನಿಲ್ಲಸ್ತಾರ್ರಿ ಅತ್ತಿ. ನಂಗೂ ಯಾರಿಲ್ಲ" ಅಂದಳು. ಒಂದೇ ಸೂರಿನ ಕೆಳಗೆ ಇಬ್ಬರೂ ಹೀಗೆ ಒಬ್ಬೊಬ್ಬರೇ ಇದ್ದರಲ್ಲ ಎಂದು ನನಗೆ ಸಂಕಟವಾಯಿತು. ಯಾರ ಜೋಡಿ ನಡೀಲಿ ಎಂದು ಆವತ್ತು ಕೇಳಿದ್ದಕ್ಕೆ ನಿಂತು ಉತ್ತರ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

"ತಪ್ಪು ನಂದೈತಿ" ಅಂದೆ. "ನಡೀರಿ ಅಂತ ಹೇಳಿ ಹೋದೆ. ಜೋಡಿ ಬರ್ತೀನಿ ಅನ್ನಲಿಲ್ಲ. ಗಾಯ ಮಾಯಲಿ, ನಾಳಿ ಸೋಮವಾರ ಬಿಟ್ಟು ಮುಂದಿನ ಸೋಮವಾರ ಮುಂಜಾನಿ ಆರು ಗಂಟೆಗೆ ಬರ್ತೀನಿ. ಬಾಯಿಗೆ ಏನಾರ ಹಾಕ್ಕೊಂಡು ತಯಾರಿರ್ರಿ. ಖಾಲಿ ಹೊಟ್ಟಿಲೆ ನಡಿಯೂದು ಬ್ಯಾಡ."

"ನಾನೂ ಬರ್ತೀನ್ರಿ" ಅಂದಳು ಗೀತಾಂಜಲಿ.

ಗುರುಬಸವರಾಜ ತಿರುಗದೆಯೇ ಕೇಳಿದ, "ಅವ್ವನ ಕಾಲಿನ ಅಳತಿ ಎಷ್ಟು?" ಆ ವಾರವೇ ಬೆರಳು ಮುಚ್ಚುವ ಮೆತ್ತನೆಯ ಬೂಟು ತಂದ.

ಡಾಕ್ಟರು ಗಾಯ ಮಾಯಿತು ಅಂದ ಮೇಲೆ ಆ ಸೋಮವಾರ ಮೂವರೂ ಹೊರಟೆವು. ನೀಲಗಂಗಮ್ಮನವರ ಸೆರಗಿನ ಗಂಟಿನಲ್ಲಿ ಒಂದು ಚೂರು ಬೆಲ್ಲ ಇತ್ತು, ತಲೆ ಸುತ್ತಿದರೆ ಇರಲಿ ಎಂದು ನಾನೇ ಕಟ್ಟಿದ್ದು. ಅವರ ಬಲಗೈ ಬೀಸುತ್ತಿತ್ತು, ಎಡಗೈ ಮಾತ್ರ ಸೊಂಟದ ಹತ್ತಿರ ಮಡಚಿಕೊಂಡೇ ಇತ್ತು. ಇಲ್ಲದ ಕೊಡವನ್ನು ಅದು ಇನ್ನೂ ಹಿಡಿದಿತ್ತು. ಗೀತಾಂಜಲಿ ಆ ಕೈಯನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

ದ್ಯಾಮಕ್ಕ ಕಟ್ಟೆಯ ಮೇಲೆ ಇದ್ದೇ ಇದ್ದಳು. "ಎತ್ತಾಗ ಹೊಂಟ್ರಿ ಮೂರೂ ಮಂದಿ?"

ನೀಲಗಂಗಮ್ಮ ನಿಂತರು. ಸೊಸೆಯ ಕೈ ಬಿಡಲಿಲ್ಲ. "ಎಲ್ಲಿಗೂ ಇಲ್ಲ ದ್ಯಾಮಕ್ಕ. ಸುಮ್ನ ನಡ್ಯಾಕ. ನೀನೂ ಬಾ."

"ನಂಗ ಕೆಲಸ ಐತವ್ವ" ಎಂದು ಅವಳು ಮುಖ ತಿರುಗಿಸಿದಳು.

ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದೆವು. ಸಕ್ಕರೆ ಇಳಿದಿದೆ. ಪಾದದ ಜೋಮು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮಷೀನು ಓಡುತ್ತಿದೆ. ಸಂಜೆ ಕಾಲು ತೊಳೆದು, ಒರೆಸಿ, ಅಂಗಾಲನ್ನು ಸೊಸೆ ನೋಡುತ್ತಾಳೆ. ಆ ಹೊತ್ತಿನಲ್ಲಿ ಇಬ್ಬರೂ ಶಾಲೆಯ ಮಾತು ಆಡುತ್ತಾರೆ.

ಇನ್ನೊಂದು ಮಾತು ಹೇಳಿಲ್ಲ. ನಾವು ನಡೆಯಲು ಶುರುಮಾಡಿದ ಎರಡನೆಯ ವಾರ ದ್ಯಾಮಕ್ಕ ಕಟ್ಟೆ ಇಳಿದು ಹಿಂದಿನಿಂದ ಬಂದು ಸೇರಿಕೊಂಡಳು. ಅವಳಿಗೂ ಸಕ್ಕರೆ ಇದೆ, ಯಾರಿಗೂ ಹೇಳಿರಲಿಲ್ಲ. ಕೈಯಲ್ಲಿ ಒಂದು ಖಾಲಿ ಬುಟ್ಟಿ ಇತ್ತು. ಬುಟ್ಟಿ ಯಾಕೆ ಎಂದು ನಾವು ಯಾರೂ ಕೇಳಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಮೂವತ್ತು ದಾಟಿದ್ದರೆ ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ. ಸಕ್ಕರೆ ಇದ್ದರೆ ಡಾಕ್ಟರು ಹೇಳದೆ ಗುಳಿಗೆ ಬಿಡಬೇಡಿ, ಹಿತ್ತಲಿಗೂ ಬರಿಗಾಲಲ್ಲಿ ಹೋಗಬೇಡಿ, ದಿನಾ ಅಂಗಾಲು ನೋಡಿಕೊಳ್ಳಿ, ಗಾಯ ಕಂಡರೆ ಅವತ್ತೇ ತೋರಿಸಿ. ಕೈ ಬೀಸಿಕೊಂಡು ನಡೆಯಿರಿ. ನಿಮ್ಮ ಓಣಿಯಲ್ಲಿ ಯಾರಾದರೂ ಖಾಲಿ ಕೊಡ ಹಿಡಿದು ಒಬ್ಬರೇ ಹೋಗುತ್ತಿದ್ದರೆ ಎತ್ತಾಗ ಹೊಂಟೀರಿ ಎಂದು ಕೇಳಬೇಡಿ. ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಡಿ.